ಅಪ್ಪನ ಫೀಡಿಂಗ್ ಟ್ಯೂಬ್: ಕಟ್ಟಿಕೊಂಡಾಗ, ಕಿತ್ತುಬಂದಾಗ, ಸೋರಿದಾಗ ನಾವು ಏನು ಮಾಡಿದೆವು

ಅಪ್ಪನಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ತೊದಲಿತು. ಎಲ್ಲಕ್ಕಿಂತ ಕಷ್ಟವಾದದ್ದು ನುಂಗುವುದು. ಒಂದು ಚಮಚ ನೀರು ಕುಡಿಸಿದರೂ ಕೆಮ್ಮು ಹತ್ತುತ್ತಿತ್ತು. ನೀರು ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಇಳಿಯುತ್ತಿದೆ, ಹೀಗೇ ಬಿಟ್ಟರೆ ನ್ಯುಮೋನಿಯಾ ಆಗುತ್ತೆ ಅಂತ ಡಾಕ್ಟರು ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿಸಿದರು. ಟ್ಯೂಬ್ ಇಟ್ಟುಕೊಂಡೇ ಡಿಸ್ಚಾರ್ಜ್ ಆಗಿ ತಿಪಟೂರಿನ ಮನೆಗೆ ಬಂದೆವು.

ಹೊರಡುವ ಮುಂಚೆ ಸಿಸ್ಟರ್ ಫೀಡ್ ಕೊಡುವ ಕ್ರಮ ತೋರಿಸಿದರು. ತಲೆ ಕಡೆ ಎತ್ತರಿಸಿ, ಸಿರಿಂಜ್ ಸಿಕ್ಕಿಸಿ, ಹುಯ್ಯಿರಿ, ಆಮೇಲೆ ನೀರು ಬಿಡಿ. ಅಷ್ಟೇ. ಎಲ್ಲ ಸರಿಯಾಗಿದ್ದಾಗ ಅಷ್ಟು ಸಾಕು. ಸರಿ ಇಲ್ಲದಾಗ ಏನು ಮಾಡಬೇಕು ಅನ್ನುವುದನ್ನು ನಾನು, ಅಮ್ಮ, ನನ್ನ ತಮ್ಮ ಮೂವರೂ ಮನೆಗೆ ಬಂದ ಮೇಲೆ ಕಲಿತೆವು. ಕಲಿಸಿದವರು ಮುಖ್ಯವಾಗಿ ಪಕ್ಕದ ಬೀದಿಯ ಒಬ್ಬ ನಿವೃತ್ತ ಸ್ಟಾಫ್ ನರ್ಸ್. ನಾವು ಅವರನ್ನು ಸಿಸ್ಟರ್ ಆಂಟಿ ಅಂತಲೇ ಕರೆಯುವುದು. ಮನೆಯಲ್ಲಿ ಎಷ್ಟು ಮಾಡಬಹುದು, ಯಾವಾಗ ಕೈಬಿಟ್ಟು ಆಸ್ಪತ್ರೆಗೆ ಹೊರಡಬೇಕು, ಈ ಎರಡೂ ಗೊತ್ತಿರಬೇಕು ಅಂತ ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಈಗಷ್ಟೇ ಟ್ಯೂಬ್ ಹಾಕಿಸಿಕೊಂಡು ಮನೆಗೆ ಬಂದವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ನಾನು ಕೊಡುವ ಅಳತೆಗಳು ಅಪ್ಪನಿಗೆ ಹೇಳಿದವು. ನಿಮ್ಮವರಿಗೆ ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ ನೀರಿನ ಲೆಕ್ಕವೇ ಬೇರೆ ಇರುತ್ತದೆ.

ಮೊದಲು ಎದುರಾದದ್ದು ಟ್ಯೂಬ್ ಕಟ್ಟಿಕೊಂಡದ್ದು. ಬೆಳಗಿನ ರಾಗಿ ಗಂಜಿ. ಸಿರಿಂಜಿನ ಪಿಸ್ಟನ್ ತೆಗೆದು, ಕೊಳವೆಯನ್ನು ಮೇಲೆ ಹಿಡಿದಿದ್ದೆ. ಗಂಜಿ 30 ಎಂಎಲ್ ಗೆರೆಯ ಹತ್ತಿರ ಬಂದು ನಿಂತಿತು. ಕೊಳವೆಯನ್ನು ಇನ್ನಷ್ಟು ಎತ್ತಿದರೂ ಕದಲಲಿಲ್ಲ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ತಮ್ಮ ಓಡಿಹೋಗಿ ಸಿಸ್ಟರ್ ಆಂಟಿಯನ್ನು ಕರೆದುಕೊಂಡು ಬಂದ.

"ಬಲವಂತ ಮಾಡ್ಬೇಡ ಕಣಮ್ಮ, ಮೊದಲು ಎಲ್ಲಾದ್ರೂ ಮಡಚಿದೆಯಾ ನೋಡು" ಅಂದರು ಅವರು. ಅರ್ಧ ಸಲ ಟ್ಯೂಬ್ ಒಳಗೆ ಏನೂ ಸಿಕ್ಕಿಕೊಂಡಿರುವುದಿಲ್ಲವಂತೆ. ದಿಂಬಿನ ಅಡಿ ಮಡಚಿರುತ್ತದೆ, ಮೂಗಿನ ಪ್ಲಾಸ್ಟರ್ ಹತ್ತಿರ ಬಾಗಿರುತ್ತದೆ, ಕ್ಲಾಂಪ್ ಹಾಕಿದ್ದು ಹಾಕಿದ ಹಾಗೇ ಇರುತ್ತದೆ. ನಮ್ಮದು ಅದ್ಯಾವುದೂ ಆಗಿರಲಿಲ್ಲ. ಆಗ ಅವರು ಸಿರಿಂಜ್‌ನಲ್ಲಿದ್ದ ಗಂಜಿ ಚೆಲ್ಲಿದರು. ಪಿಸ್ಟನ್ ಹಾಕಿ ಮೊದಲು ಮೆಲ್ಲಗೆ ಹಿಂದಕ್ಕೆ ಎಳೆದರು. ಕಂದು ಬಣ್ಣದ ಒಂದು ಸಣ್ಣ ಗಟ್ಟಿ ಬಂತು. ಆಮೇಲೆ ಉಗುರುಬೆಚ್ಚಗಿನ ನೀರು ತುಂಬಿ, ಸ್ವಲ್ಪ ಒತ್ತುವುದು, ಸ್ವಲ್ಪ ಎಳೆಯುವುದು, ಹೀಗೆ ಮಾಡಿದರು. ಬಿಡಲಿಲ್ಲ. ನೀರನ್ನು ಟ್ಯೂಬಿನಲ್ಲೇ ಬಿಟ್ಟು, ಕ್ಲಾಂಪ್ ಹಾಕಿ, ಇಪ್ಪತ್ತು ನಿಮಿಷ ಕಾಯೋಣ ಅಂದರು. ಗಟ್ಟಿಯಾದದ್ದು ನೆನೆಯಲು ಸಮಯ ಬೇಕು. ಮತ್ತೆ ಒತ್ತಿ ಎಳೆದಾಗ ನೀರು ಸರಾಗವಾಗಿ ಇಳಿಯಿತು.

ಆ ದಿನ ಅವರು ಹೇಳಿದ ಮೂರು ಮಾತು ಬಹಳ ಮುಖ್ಯ. ಒಂದು, ಯಾವಾಗಲೂ 50 ಎಂಎಲ್ ಸಿರಿಂಜನ್ನೇ ಬಳಸಿ. ಸಣ್ಣ ಸಿರಿಂಜ್ ಹಿಡಿದರೆ ಹೆಚ್ಚು ಜೋರು ಸಿಗುತ್ತೆ ಅಂತ ಅನ್ನಿಸುತ್ತದೆ. ನಿಜವಾಗಿಯೂ ಸಿಗುತ್ತದೆ, ಅದೇ ಅಪಾಯ. ಅದೇ ಕೈಬಲಕ್ಕೆ 2 ಎಂಎಲ್, 5 ಎಂಎಲ್ ಸಿರಿಂಜಿನಲ್ಲಿ ಒತ್ತಡ ಎಷ್ಟೋ ಪಟ್ಟು ಏರುತ್ತದೆ, ಟ್ಯೂಬ್ ಒಳಗೇ ಸೀಳಬಹುದು. ಎರಡು, ತಂತಿ, ಕಡ್ಡಿ ಏನನ್ನೂ ಒಳಗೆ ತೂರಿಸಬೇಡಿ. ಟ್ಯೂಬ್ ತೂತು ಬಿದ್ದು ಹೊಟ್ಟೆಯ ಗೋಡೆಗೇ ಚುಚ್ಚಬಹುದು. ಮೂರು, ಕೋಲಾ, ನಿಂಬೆರಸ ಹಾಕಬೇಡಿ. ಯಾರೋ ನೆಂಟರು ಫೋನಿನಲ್ಲಿ ಕೋಲಾ ಹಾಕಿ ಅಂದಿದ್ದರು. ಹುಳಿ ತಗುಲಿದರೆ ಟ್ಯೂಬಿನಲ್ಲಿರುವ ಹಾಲು ಒಡೆಯುತ್ತದೆ, ಆಗ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಬೆಚ್ಚನೆ ನೀರಿಗೆ, ಕಾಯುವುದಕ್ಕೆ ಬಗ್ಗದಿದ್ದರೆ ಆಸ್ಪತ್ರೆಗೆ ಹೋಗಿ ಟ್ಯೂಬ್ ಬದಲಿಸಬೇಕು. ಅದರ ಮೇಲೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ಟ್ಯೂಬ್ ಕಟ್ಟಿಕೊಳ್ಳುವುದು ಮಂಚದ ಹತ್ತಿರ ಕಾಣುತ್ತದೆ, ಆದರೆ ಶುರುವಾಗುವುದು ಅಡುಗೆಮನೆಯಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಡೆ ಯಾರಿಗೆ ಹುಷಾರಿಲ್ಲದಿದ್ದರೂ ಮೊದಲು ನೆನಪಾಗುವುದು ರಾಗಿ ಗಂಜಿ. ಟ್ಯೂಬಿಗೆ ಅದೇ ಸ್ವಲ್ಪ ಕಷ್ಟ ಕೊಡುವ ಆಹಾರ. ರಾಗಿಯ ಪಿಷ್ಟ ಬೇಯುತ್ತಾ ನೀರು ಹೀರಿ ಉಬ್ಬುತ್ತದೆ. ಒಲೆ ಮೇಲೆ ತೆಳ್ಳಗಿದ್ದದ್ದು ಆರಿದ ಮೇಲೆ ದಪ್ಪವಾಗುತ್ತದೆ. ಜೊತೆಗೆ ಹೊಟ್ಟಿನ ಚೂರುಗಳು ಟ್ಯೂಬಿನ ತುದಿಯ ಸಣ್ಣ ಕಿಂಡಿಗಳಲ್ಲಿ ಕೂತುಬಿಡುತ್ತವೆ. ತೆಳ್ಳಗೆ ಮಾಡಲು ನೀರು ಸುರಿಯುತ್ತಾ ಹೋದರೆ ಇನ್ನೊಂದು ತೊಂದರೆ. ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಡಯಟೀಷಿಯನ್ ಅಪ್ಪನಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 25ರಿಂದ 30 ಕ್ಯಾಲೊರಿ ಬೇಕು ಅಂದಿದ್ದರು. 58 ಕೆ.ಜಿ. ಇದ್ದವರಿಗೆ ಅದು ಸುಮಾರು 1,500ರಿಂದ 1,700 ಆಯಿತು. ಬರೀ ನೀರು ಗಂಜಿಯಲ್ಲಿ ಅಷ್ಟು ಬರುವ ಮಾತೇ ಇಲ್ಲ.

ದಾರಿ ತೋರಿಸಿದ್ದು ಅಮ್ಮ. ಮಕ್ಕಳಿಗೆ ಮಾಡುವ ಹಾಗೆ ಮೊಳಕೆ ರಾಗಿ ಹಿಟ್ಟು ಮಾಡೋಣ ಅಂದರು. ರಾಗಿಯನ್ನು ತೊಳೆದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಬಿಸಿಲಲ್ಲಿ ಒಣಗಿಸಿ, ಹಿಟ್ಟು ಮಾಡಿಸಿ, ತೆಳು ಪಂಚೆ ಬಟ್ಟೆಯಲ್ಲಿ ಜರಡಿ ಹಿಡಿಯುವುದು. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟವನ್ನು ತುಂಡು ಮಾಡುತ್ತದೆ. ಹಾಗಾಗಿ ಅಷ್ಟೇ ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ, ಆರಿದರೂ ಮುದ್ದೆ ಕಟ್ಟುವುದಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೊಳಕೆ ರಾಗಿ, ಹೆಸರುಕಾಳಿನಿಂದ ಮಕ್ಕಳ ಆಹಾರ ಮಾಡುವ ಬಗ್ಗೆ ಬಹಳ ಹಿಂದೆಯೇ ಕೆಲಸ ಮಾಡಿರುವುದು ಇದೇ ಕಾರಣಕ್ಕೆ. ಹಿಟ್ಟನ್ನು ಕುದಿಯುವ ನೀರಿಗೆ ಹಾಕಬಾರದು, ಕಿಣ್ವ ತಕ್ಷಣ ಕೆಟ್ಟುಹೋಗುತ್ತದೆ. ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿ ಮಾಡಿ, ಕೊನೆಗೆ ಚೆನ್ನಾಗಿ ಕುದಿಸಬೇಕು. ಮೊಳಕೆ ಬರಿಸುವಾಗ ಕ್ರಿಮಿಗಳೂ ಬೆಳೆಯುತ್ತವೆ, ಅದಕ್ಕೆ ಕುದಿಸುವುದನ್ನು ಬಿಡುವ ಹಾಗಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಈ ಹಿಟ್ಟಿನಿಂದ ಶುಗರ್ ಬೇಗ ಏರಬಹುದು ಅಂತ ಡಯಟೀಷಿಯನ್ ಅಳತೆ ಕಡಿಮೆ ಮಾಡಿ, ಬೇಳೆ ಕಟ್ಟು, ಹಾಲಿನ ಪುಡಿ, ಒಂದೆರಡು ಚಮಚ ಎಣ್ಣೆ ಸೇರಿಸಿ ಪಟ್ಟಿ ಬರೆದುಕೊಟ್ಟರು. ದಿನಕ್ಕೆ ಎರಡು ಹೊತ್ತು ಅಂಗಡಿಯ ಫೀಡ್ ಪುಡಿಯನ್ನೂ ಹೇಳಿದರು.

ಏನೇ ಮಾಡಿದರೂ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಟೀ ಸೋಸುವ ಜಾಲರಿಯಲ್ಲಿ ಒಮ್ಮೆ, ಬಟ್ಟೆಯಲ್ಲಿ ಇನ್ನೊಮ್ಮೆ ಸೋಸುತ್ತೇವೆ. ಫೀಡ್‌ಗೆ ಮುಂಚೆ 30 ಎಂಎಲ್ ನೀರು, ಆದ ಮೇಲೆ 30 ಎಂಎಲ್ ನೀರು. ಮಜ್ಜಿಗೆ ಕೊಟ್ಟ ಮೇಲೆ ಹಾಲು ಕೊಡುವುದಿದ್ದರೆ ನಡುವೆ ನೀರು ಬಿಡದೆ ಕೊಡುವುದೇ ಇಲ್ಲ. ಹೊಟ್ಟೆಯಲ್ಲಿ ಏನಿದೆ ಅಂತ ಎಳೆದು ನೋಡಿದಾಗಲೂ ನೀರು ಬಿಡಬೇಕು. ಒಡೆದ ಹಾಲು ಟ್ಯೂಬಿಗೆ ಹಿಂದೆ ಬಂದಿರುತ್ತದೆ, ಹಾಗೇ ಬಿಟ್ಟರೆ ಅಲ್ಲೇ ಅಂಟಿಕೊಳ್ಳುತ್ತದೆ.

ಮಾತ್ರೆಗಳದ್ದು ಇನ್ನೊಂದು ಕಥೆ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದ ಎಲ್ಲವನ್ನೂ ಕುಟ್ಟಿ ಹಾಕುವ ಹಾಗಿಲ್ಲ. ಹೆಸರಿನ ಮುಂದೆ ಎಸ್ಆರ್, ಇಆರ್, ಎಕ್ಸ್‌ಎಲ್, ಸಿಆರ್ ಅಂತ ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಕುಟ್ಟಿದರೆ ಇಡೀ ದಿನದ ಔಷಧಿ ಒಂದೇ ಸಲಕ್ಕೆ ಮೈಗೆ ಸೇರುತ್ತದೆ. ಅಪ್ಪನ ಚೀಟಿಯಲ್ಲಿ ಶುಗರ್‌ಗೆ ಮೆಟ್‌ಫಾರ್ಮಿನ್ ಎಸ್ಆರ್ ಇತ್ತು. ಮೆಡಿಕಲ್ ಶಾಪಿನವರೇ ಗಮನಿಸಿ ಡಾಕ್ಟರನ್ನು ಕೇಳಿ ಅಂದರು. ಡಾಕ್ಟರು ಸಾದಾ ಮೆಟ್‌ಫಾರ್ಮಿನ್‌ಗೆ ಬದಲಿಸಿದರು. ಗ್ಯಾಸಿನ ಪ್ಯಾಂಟೊಪ್ರಜೋಲ್ ಮಾತ್ರೆಗೆ ಹೊಟ್ಟೆಯ ಆಸಿಡ್‌ನಿಂದ ಕಾಯುವ ಲೇಪ ಇರುತ್ತದೆ, ಅದನ್ನೂ ಕುಟ್ಟಬಾರದು. ಆಸ್ಪಿರಿನ್‌ನಲ್ಲಿ ನೀರಿನಲ್ಲಿ ಕರಗುವ ಬಗೆ ಸಿಗುತ್ತದೆ. ಉಳಿದವನ್ನು ಒಂದೊಂದಾಗಿ ನುಣ್ಣಗೆ ಪುಡಿ ಮಾಡಿ, ನೀರಿನಲ್ಲಿ ಕದಡಿ, ಒಂದೊಂದಾಗಿಯೇ ಕೊಡಬೇಕು. ಎರಡರ ನಡುವೆ ಸ್ವಲ್ಪ ನೀರು. ಎಲ್ಲವನ್ನೂ ಒಟ್ಟಿಗೆ ಬೆರೆಸಿದರೆ ಗಟ್ಟಿಯಾಗಬಹುದು, ಫೀಡ್ ಜೊತೆ ಬೆರೆಸುವುದಂತೂ ಬೇಡವೇ ಬೇಡ. ಫಿಟ್ಸ್‌ಗೆ ಫೆನಿಟಾಯಿನ್ ತಗೊಳ್ಳುವವರಿದ್ದರೆ ಫೀಡ್‌ಗೂ ಅದಕ್ಕೂ ಎಷ್ಟು ಹೊತ್ತು ಅಂತರ ಬೇಕು ಅಂತ ಕೇಳಿಟ್ಟುಕೊಳ್ಳಿ. ಫೀಡ್ ಜೊತೆ ಸೇರಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ.

ಇನ್ನು ಟ್ಯೂಬ್ ಕಿತ್ತುಬಂದದ್ದು. ಅಪ್ಪನ ಎಡಗೈ ಗಟ್ಟಿ ಇದೆ. ಮೂಗಿನಲ್ಲಿ ಏನೋ ಇದೆ ಅಂತ ನಿದ್ದೆಗಣ್ಣಿನಲ್ಲಿ ಕೈ ಅಲ್ಲಿಗೇ ಹೋಗುತ್ತದೆ. ಒಂದು ಬೆಳಿಗ್ಗೆ ಇನ್ಸುಲಿನ್ ಕೊಟ್ಟಾಗಿತ್ತು, ಫೀಡ್ ಬಿಸಿ ಮಾಡುತ್ತಿದ್ದೆವು. ಅಷ್ಟರಲ್ಲಿ ಟ್ಯೂಬ್ ಪೂರ್ತಿ ಹೊರಗೆ, ಅಪ್ಪನ ಕೈಯಲ್ಲಿ. ಇನ್ಸುಲಿನ್ ಒಳಗೆ ಹೋಗಿದೆ, ಊಟ ಹೋಗಿಲ್ಲ, ಬಾಯಿಗೆ ಏನೂ ಹಾಕುವ ಹಾಗಿಲ್ಲ. ಡಾಕ್ಟರಿಗೆ ಫೋನ್ ಮಾಡಿದರೆ, ಟ್ಯೂಬ್ ವಿಚಾರ ಆಮೇಲೆ, ಶುಗರ್ ನೋಡುತ್ತಾ ತಕ್ಷಣ ಆಸ್ಪತ್ರೆಗೆ ಹೊರಡಿ ಅಂದರು. ಹತ್ತಿರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗ್ಲುಕೋಮೀಟರ್ 68 ತೋರಿಸುತ್ತಿತ್ತು. ಡ್ರಿಪ್‌ನಲ್ಲಿ ಗ್ಲುಕೋಸ್ ಕೊಟ್ಟರು, ಅಪ್ಪ ಚೇತರಿಸಿಕೊಂಡರು. ಆಮೇಲೆ ಡಾಕ್ಟರು ಕ್ರಮವನ್ನೇ ಬದಲಿಸಿದರು. ಮೊದಲು ಟ್ಯೂಬ್ ಸರಿಯಿದೆಯಾ ಅಂತ ನೋಡುವುದು, ಫೀಡ್ ಪಕ್ಕದಲ್ಲಿ ತಯಾರಾಗಿ ಇರುವುದು, ಆಮೇಲೇ ಇನ್ಸುಲಿನ್. ಇನ್ಸುಲಿನ್ ಮೇಲಿರುವ ಎಲ್ಲರ ಮನೆಯವರೂ ಇದನ್ನು ಡಾಕ್ಟರ ಹತ್ತಿರ ಮಾತಾಡಿಟ್ಟುಕೊಳ್ಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಪೂರ್ತಿ ಹೊರಬಂದರೆ ಕಣ್ಣಿಗೆ ಕಾಣುತ್ತದೆ. ಅರ್ಧ ಜಾರಿದ್ದು ಕಾಣುವುದಿಲ್ಲ, ಅದೇ ಹೆಚ್ಚು ಭಯ. ತುದಿ ಅನ್ನನಾಳಕ್ಕೆ ಬಂದಿದ್ದರೆ ಕೊಟ್ಟ ಫೀಡ್ ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೆ ಹೊಸ ಟ್ಯೂಬ್ ಹಾಕಿದ ದಿನವೇ, ಮೂಗಿನ ಹೊಳ್ಳೆ ಮುಟ್ಟುವ ಜಾಗದಲ್ಲಿ ಪರ್ಮನೆಂಟ್ ಮಾರ್ಕರ್‌ನಿಂದ ಗೆರೆ ಎಳೆಯುತ್ತೇವೆ. ಪ್ರತಿ ಫೀಡ್‌ಗೆ ಮುಂಚೆ ಗೆರೆ ಅಲ್ಲೇ ಇದೆಯಾ ನೋಡುವುದು, ಬಾಯಿ ತೆರೆಸಿ ಟಾರ್ಚ್ ಬಿಟ್ಟು ಗಂಟಲಲ್ಲಿ ಸುರುಳಿ ಸುತ್ತಿಲ್ಲ ಅಂತ ನೋಡುವುದು. ಆಮೇಲೆ ಸ್ವಲ್ಪ ರಸ ಎಳೆದು, ಆಸಿಡ್ ಎಷ್ಟಿದೆ ಅಂತ ತೋರಿಸುವ ಪಿಎಚ್ ಕಾಗದಕ್ಕೆ ಒಂದು ಹನಿ. 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೊಟ್ಟೆಯ ಆಸಿಡ್ ಅಂತ ಅರ್ಥ. ಗ್ಯಾಸಿನ ಮಾತ್ರೆ ತಗೊಳ್ಳುವವರಿಗೆ ಇದು ಹೆಚ್ಚು ಬರಬಹುದು. ಹಾಗಾಗಿ ಒಂದೇ ಪರೀಕ್ಷೆ ನಂಬದೆ ಎಲ್ಲವನ್ನೂ ಸೇರಿಸಿ ನೋಡಬೇಕು. ಗಾಳಿ ಒತ್ತಿ ಸ್ಟೆಥಾಸ್ಕೋಪಿನಲ್ಲಿ ಬುಸ್ ಅಂತ ಕೇಳುವುದು ನಮ್ಮಲ್ಲಿ ಬಹಳ ರೂಢಿ. ಅದನ್ನು ನಂಬಬೇಡಿ ಅಂತ ಸಿಸ್ಟರ್ ಆಂಟಿ ಗಟ್ಟಿಯಾಗಿ ಹೇಳಿದರು. ಟ್ಯೂಬ್ ಬೇರೆಡೆ ಇದ್ದರೂ ಅಂಥದ್ದೇ ಸದ್ದು ಕೇಳಬಹುದು. ಒಂದಿಷ್ಟು ಅನುಮಾನ ಬಂದರೂ ಫೀಡ್ ನಿಲ್ಲಿಸಬೇಕು. ಒಂದು ಹೊತ್ತು ಫೀಡ್ ತಡವಾದರೆ ಸಂಭಾಳಿಸಬಹುದು, ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಖಚಿತವಾಗಿ ಹೇಳುವುದು ಎಕ್ಸ್‌ರೇ ಮಾತ್ರ. ಹೊರಬಂದ ಟ್ಯೂಬನ್ನು ಮನೆಯಲ್ಲೇ ಹಾಕಿಬಿಡೋಣ ಅಂತ ಯಾರಾದರೂ ಬಂದರೆ ಒಪ್ಪಬೇಡಿ, ಅದಕ್ಕೆ ತರಬೇತಿ ಆದವರೇ ಬೇಕು.

ಕೀಳದಂತೆ ಮಾಡಲು ಕೈ ಕಟ್ಟಿಹಾಕುವುದು ನಮಗೆ ಮನಸ್ಸು ಬರಲಿಲ್ಲ. ರಾತ್ರಿ ಹತ್ತಿಯ ಮೆತ್ತನೆ ಕೈಗವಸು ತೊಡಿಸಿದೆವು. ಟ್ಯೂಬಿನ ಉಳಿದ ಉದ್ದವನ್ನು ಕೆನ್ನೆಗೆ ಅಂಟಿಸಿ ಕಿವಿಯ ಹಿಂದಿನಿಂದ ಬೆನ್ನ ಕಡೆ ತಂದೆವು. ಕಣ್ಣೆದುರು ಜೋತಾಡದಿದ್ದರೆ ಎಳೆಯುವುದು ಕಡಿಮೆ ಆಗುತ್ತದೆ. ಪ್ಲಾಸ್ಟರ್ ದಿನಾ ಬದಲಿಸಿ, ಹೊಳ್ಳೆ ಒರೆಸಿ, ಟ್ಯೂಬ್ ಒಂದೇ ಕಡೆ ಒತ್ತದಂತೆ ಅಂಟಿಸುತ್ತಿದ್ದೆವು. ಬಾಯಿಂದ ಏನೂ ತಿನ್ನದಿದ್ದರೂ ಹಲ್ಲು, ನಾಲಿಗೆ ದಿನಕ್ಕೆರಡು ಸಲ ಸ್ವಚ್ಛ ಮಾಡಲೇಬೇಕು. ಬಾಯಿಯ ಕೊಳೆ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ.

ಫೀಡ್ ನಡುವೆ ಕೆಮ್ಮು ಬಂದರೆ ತಕ್ಷಣ ಸಿರಿಂಜ್ ಕೆಳಗಿಳಿಸಿ, ಟ್ಯೂಬ್ ಮಡಚಿ ಹಿಡಿಯುವುದು. ಉಸಿರಾಟ ಜೋರಾದರೆ, ತುಟಿ ನೀಲಿಗಟ್ಟಿದರೆ, ಗೊರಗೊರ ಸದ್ದು ಬಂದರೆ 108ಕ್ಕೆ ಫೋನ್. ಕಾಯುವ ಮಾತಿಲ್ಲ. ಇದು ಬರದ ಹಾಗೆ ಮಾಡಲು ಮಂಚದ ತಲೆ ಕಡೆ 30ರಿಂದ 45 ಡಿಗ್ರಿ ಎತ್ತರಿಸಿ ಕೊಡಬೇಕು, ಆದ ಮೇಲೂ ಒಂದು ಗಂಟೆ ಹಾಗೇ ಕೂರಿಸಬೇಕು. ಬರೀ ದಿಂಬು ಇಟ್ಟರೆ ಕತ್ತು ಬಾಗುತ್ತದೆ, ಬೆನ್ನು ಜಾರುತ್ತದೆ. ನಾವು ತಲೆ ಕಡೆ ಏರಿಸುವ ಮಂಚವನ್ನು ಬಾಡಿಗೆಗೆ ತಂದೆವು, ಆ ಖರ್ಚು ಸಾರ್ಥಕ. 200 ಎಂಎಲ್ ಫೀಡ್ ಇಳಿಯಲು ಇಪ್ಪತ್ತು ನಿಮಿಷವಾದರೂ ಆಗಬೇಕು. ಪಿಸ್ಟನ್ ಹಾಕಿ ಒತ್ತುವುದಿಲ್ಲ, ತಾನಾಗಿ ಇಳಿಯಲು ಬಿಡುತ್ತೇವೆ. ಹಿಂದಿನ ಫೀಡ್ ಜಾಸ್ತಿ ಉಳಿದಿದ್ದರೆ, ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ ಒಂದು ಗಂಟೆ ತಡೆದು ಡಾಕ್ಟರನ್ನು ಕೇಳುತ್ತೇವೆ. ಎಳೆದಾಗ ಕಾಫಿ ಗಸಿಯ ಹಾಗೆ ಕಪ್ಪಗೆ ಬಂದರೆ ಅದು ಹೊಟ್ಟೆಯೊಳಗಿನ ರಕ್ತ ಇರಬಹುದು, ಆಗಲೂ ನೇರ ಆಸ್ಪತ್ರೆಗೆ.

ಭೇದಿ ಶುರುವಾದಾಗ ಎಲ್ಲರೂ ಫೀಡನ್ನೇ ದೂರುತ್ತಾರೆ. ಅಪ್ಪನಿಗೆ ಆಗಿದ್ದು ಆಂಟಿಬಯಾಟಿಕ್ ಕೋರ್ಸ್ ನಡುವೆ. ಕೆಲವು ಸಿರಪ್‌ಗಳಲ್ಲಿ ಸಿಹಿಗೆ ಹಾಕುವ ಸಾರ್ಬಿಟಾಲ್‌ನಿಂದಲೂ ಆಗುತ್ತದಂತೆ. ಮನೆಯ ಕಡೆಯಿಂದ ನೋಡಬೇಕಾದದ್ದು ಶುಚಿ. ಕೈ, ಸಿರಿಂಜ್, ಮಿಕ್ಸಿ ಜಾರ್, ಸೋಸುವ ಬಟ್ಟೆ ಎಲ್ಲವನ್ನೂ ತೊಳೆದು ಒಣಗಿಸುವುದು. ರುಬ್ಬಿದ ಫೀಡನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡುವುದಿಲ್ಲ, ಬೇಸಿಗೆಯಲ್ಲಿ ಅಷ್ಟೂ ಬೇಡ. ಫ್ರಿಜ್‌ನಲ್ಲಿಟ್ಟದ್ದು ಅವತ್ತಿಗೇ ಮುಗಿಯಬೇಕು. ಮಲಬದ್ಧತೆ ಆದಾಗ ದೊಡ್ಡಪ್ಪ ಇಸಬ್‌ಗೋಲ್ ತಂದುಕೊಟ್ಟರು, ಪ್ರೀತಿಯಿಂದಲೇ. ಅದು ಟ್ಯೂಬಿಗೆ ಆಗದ ವಸ್ತು. ನೀರು ಸೇರಿದೊಡನೆ ಲೋಳೆಯಾಗಿ ಉಬ್ಬಿ ಟ್ಯೂಬನ್ನೇ ಮುಚ್ಚುತ್ತದೆ. ಡಾಕ್ಟರು ನೀರು ಹೆಚ್ಚಿಸಿ, ಲ್ಯಾಕ್ಟುಲೋಸ್ ಸಿರಪ್ ಬರೆದುಕೊಟ್ಟರು.

ವಾರಗಳು ಕಳೆದರೂ ನುಂಗುವುದು ಸುಧಾರಿಸಲಿಲ್ಲ. ನಾಲ್ಕು ವಾರಕ್ಕಿಂತ ಹೆಚ್ಚು ಟ್ಯೂಬ್ ಬೇಕಾಗುವ ಹಾಗಿದ್ದರೆ ಪೆಗ್ ಟ್ಯೂಬ್, ಅಂದರೆ ಹೊಟ್ಟೆಯ ಮೇಲಿನಿಂದ ನೇರ ಜಠರಕ್ಕೆ ಹಾಕುವ ಟ್ಯೂಬ್, ಯೋಚಿಸುವುದು ರೂಢಿ ಅಂತ ಡಾಕ್ಟರು ಹೇಳಿದರು. ಹೊಟ್ಟೆ ಕೊಯ್ಯಿಸುತ್ತೀರಾ ಅಂತ ನೆಂಟರು ಹೆದರಿಸಿದರು. ಅದು ಹೊಟ್ಟೆ ತೆರೆಯುವ ಆಪರೇಷನ್ ಅಲ್ಲ. ಬಾಯಿಂದ ಎಂಡೋಸ್ಕೋಪ್ ಅನ್ನುವ ಕ್ಯಾಮೆರಾ ಕೊಳವೆ ಇಳಿಸಿ, ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ಟ್ಯೂಬ್ ಕೂರಿಸುತ್ತಾರೆ. ಅಮೆರಿಕದ ಮೈಕೆಲ್ ಗೌಡರರ್, ಜೆಫ್ರಿ ಪಾನ್ಸ್ಕಿ ಅನ್ನುವ ವೈದ್ಯರು 1980ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಅವರು ಇದನ್ನು ಶುರು ಮಾಡಿದ್ದೇ ಪುಟ್ಟ ಮಕ್ಕಳಿಗೆ. ಇದನ್ನು ಕೇಳಿದ ಮೇಲೆ ಅಮ್ಮನಿಗೆ ಧೈರ್ಯ ಬಂತು. ಮೂಗಿನಿಂದ ಟ್ಯೂಬ್ ತೆಗೆದ ದಿನ ಅಪ್ಪ ಎಡಗೈಯಲ್ಲಿ ಮೂಗನ್ನು ಎಷ್ಟೋ ಹೊತ್ತು ಸವರಿಕೊಂಡರು.

ಪೆಗ್‌ನ ತೊಂದರೆಗಳೇ ಬೇರೆ. ರಂಧ್ರದ ಸುತ್ತ ದಿನಾ ಸೋಪು ನೀರಿನಲ್ಲಿ ತೊಳೆದು ಒಣಗಿಸಬೇಕು. ಟ್ಯೂಬ್ ಜಾರದಂತೆ ಹೊರಗೆ ಹಿಡಿದಿರುವ ಬಿಲ್ಲೆಗೂ ಚರ್ಮಕ್ಕೂ ಅರ್ಧದಿಂದ ಒಂದು ಸೆಂ.ಮೀ. ಜಾಗ ಇರಬೇಕು. ಬಿಗಿ ಮಾಡಿದರೆ ಟ್ಯೂಬನ್ನು ಒಳಗಿನಿಂದ ಹಿಡಿದಿರುವ ಗುಂಡಿ ಹೊಟ್ಟೆಯ ಗೋಡೆಯಲ್ಲಿ ಹೂತುಹೋಗುತ್ತದೆ. ಹಾಗಾಗದಿರಲಿ ಅಂತ ಗಾಯ ಆರಿದ ಮೇಲೆ ಟ್ಯೂಬನ್ನು ಸ್ವಲ್ಪ ಒಳಗೆ ತಳ್ಳಿ ತಿರುಗಿಸುವುದನ್ನು ಆಸ್ಪತ್ರೆಯಲ್ಲಿ ಹೇಳಿಕೊಟ್ಟರು. ಕೆಲವು ದಿನ ಸುತ್ತಲೂ ಸೋರಿತು. ದಪ್ಪ ಟ್ಯೂಬ್ ಹಾಕಿಸಿದರೆ ಸರಿಹೋಗುತ್ತೆ ಅಂದುಕೊಳ್ಳುವುದು ಸಹಜ, ಆದರೆ ಅದರಿಂದ ರಂಧ್ರವೇ ದೊಡ್ಡದಾಗಬಹುದು. ನಮ್ಮಲ್ಲಿ ಕಾರಣ ಬಿಲ್ಲೆ ಸಡಿಲವಾಗಿದ್ದದ್ದು. ಆಮೇಲೆ ರಂಧ್ರದ ಅಂಚಿನಲ್ಲಿ ಕೆಂಪಗೆ, ಒದ್ದೆಯಾಗಿ ಮಾಂಸ ಬೆಳೆಯಿತು, ಮುಟ್ಟಿದರೆ ರಕ್ತ ಬರುತ್ತಿತ್ತು. ಡಾಕ್ಟರು ಸಿಲ್ವರ್ ನೈಟ್ರೇಟ್ ಕಡ್ಡಿ ಮುಟ್ಟಿಸಿದರು, ಕುಗ್ಗಿತು. ಕೆಂಪು ಹರಡುತ್ತಾ ಹೋದರೆ, ಕೀವು, ಜ್ವರ ಬಂದರೆ, ಫೀಡ್ ಕೊಟ್ಟಾಗ ವಿಪರೀತ ನೋವಾದರೆ ಫೀಡ್ ನಿಲ್ಲಿಸಿ ಹೋಗಬೇಕು.

ಪೆಗ್ ಕಿತ್ತುಬಂದರೆ ಎಷ್ಟು ದಿನದ ರಂಧ್ರ ಅನ್ನುವುದೇ ಮುಖ್ಯ. ಹಾಕಿದ ಮೊದಲ ನಾಲ್ಕು ವಾರದಲ್ಲಿ ಬಂದರೆ ಯಾರೂ ಮರಳಿ ತೂರಿಸಬಾರದು. ದಾರಿ ಇನ್ನೂ ಕೂಡಿರುವುದಿಲ್ಲ, ಫೀಡ್ ಹೊಟ್ಟೆಯ ಚೀಲದ ಹೊರಗೆ ಚೆಲ್ಲಿ ಜೀವಕ್ಕೇ ಅಪಾಯ ಬರುತ್ತದೆ. ಹಳೆಯ ರಂಧ್ರವಾದರೆ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳುತ್ತದೆ. ಶುಭ್ರ ಬಟ್ಟೆ ಮುಚ್ಚಿ, ಕಿತ್ತ ಟ್ಯೂಬನ್ನೂ ಜೊತೆಗೆ ತಗೊಂಡು, ರಾತ್ರಿಯಾದರೂ ಹೊರಡಬೇಕು, ಬೆಳಗಾಗಲಿ ಅನ್ನಬಾರದು. ಹಾಗೆ ಹೊರಡಬೇಕಾದರೆ ಗಡಿಬಿಡಿಯಲ್ಲಿ ಹುಡುಕಾಡಬಾರದು ಅಂತ ತಮ್ಮ ಒಂದು ಕಾರ್ಡ್ ಬರೆದು ಮಂಚದ ಕಾಲಿಗೆ ಕಟ್ಟಿದ್ದಾನೆ. ಪೆಗ್, 20 ಫ್ರೆಂಚ್ (ಟ್ಯೂಬಿನ ದಪ್ಪದ ಅಳತೆ), ಹಾಕಿದ ತಾರೀಕು, ಬಿಲ್ಲೆ ಎಷ್ಟನೇ ಸೆಂ.ಮೀ. ಗೆರೆಯಲ್ಲಿದೆ, ಇನ್ಸುಲಿನ್ ಎಷ್ಟು, ರಕ್ತ ತೆಳು ಮಾಡುವ ಮಾತ್ರೆ ಯಾವುದು, ಡಾಕ್ಟರ ಫೋನ್ ನಂಬರ್. ತುರ್ತು ವಿಭಾಗದಲ್ಲಿ ಮೊದಲು ಕೇಳುವುದು ಇವನ್ನೇ.